ಮೂಲ, ಟೀಕೆ, ಪ್ರಯೋಗ: ಬಂಕಾಪುರದ ಪ್ರಶಸ್ತಿಯಿಂದ ಗಣಕದ ಪುಟವಿನ್ಯಾಸದವರೆಗೆ

ಪ್ರಾಚೀನ ಗ್ರಂಥವೊಂದರ ಓಲೆಗಟ್ಟನ್ನು ಬಿಚ್ಚಿದೊಡನೆ ಸಂಪಾದಕನ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಇಲ್ಲಿ ಬರೆದಿರುವುದೇನು? ಇದು ಯಾರ ಮಾತು? ಮೊದಲನೆಯ ಪ್ರಶ್ನೆಗೆ ಲಿಪಿಜ್ಞಾನವೂ ಭಾಷಾಜ್ಞಾನವೂ ಉತ್ತರವೀಯುತ್ತವೆ. ಎರಡನೆಯದಕ್ಕೆ ಉತ್ತರ ದೊರೆಯಬೇಕಾದರೆ ಓಲೆಯ ಮೇಲಿನ ಸಣ್ಣಪುಟ್ಟ ಗುರುತುಗಳನ್ನು ಆಶ್ರಯಿಸಬೇಕಾಗುತ್ತದೆ. ಒಂದು ದಂಡ, ಜೋಡಿ ದಂಡ, ಛಂದಸ್ಸಿನ ಹೆಸರಿನ ಮೊದಲಕ್ಷರ, ಪದ್ಯದ ಸಂಖ್ಯೆ ಇವುಗಳಿಂದಲೇ ಮೂಲವು ಎಲ್ಲಿ ಮುಗಿದು ಟೀಕೆ ಎಲ್ಲಿ ತೊಡಗಿತು, ಟೀಕಾಕಾರನು ಅನ್ಯರ ಮಾತನ್ನು ಎಲ್ಲಿ ಉದ್ಧರಿಸಿದನು ಎಂಬುದು ವಿದಿತವಾಗುತ್ತದೆ. ಪಾಠಾಂತರಗಳ ಚರ್ಚೆಗೆ ನಮ್ಮಲ್ಲಿ ದೊರೆತಿರುವ ಗಮನ ಈ ಗುರುತುಗಳಿಗೆ ದೊರೆತಿಲ್ಲ. ಗ್ರಂಥಗಳ ಅಕ್ಷರಜೋಡಣೆ ಮೊಳೆಗಳನ್ನು ಬಿಟ್ಟು ಗಣಕಕ್ಕೆ ಸಂದಿರುವ ಈ ಕಾಲದಲ್ಲಿ ಆ ಉಪೇಕ್ಷೆಗೆ ಹೆಚ್ಚಿನ ಬೆಲೆ ತೆರಬೇಕಾಗಿ ಬರುತ್ತದೆ. ಪುಟವಿನ್ಯಾಸದ ತಂತ್ರಾಂಶವು ಇದೇ ಗುರುತುಗಳನ್ನು ಕಂಡು ಅಕ್ಷರದ ಗಾತ್ರ, ದಪ್ಪ, ಬಣ್ಣಗಳನ್ನು ತಾನಾಗಿ ಬದಲಿಸುತ್ತದೆ. ಗುರುತು ತಪ್ಪಿದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮುದ್ರಿಸುತ್ತದೆ. ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಸಂಬಂಧಿಸಿದ ಒಂದು ಪ್ರಶಸ್ತಿಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಬಂಕಾಪುರವು ಇಂದು ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಊರು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಹಾವೇರಿ ಜಿಲ್ಲೆ ಬೇರ್ಪಟ್ಟಾಗ ಹೊಸ ಜಿಲ್ಲೆಯ ಪಾಲಿಗೆ ಬಂದಿತು. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನರು ಅರವತ್ತು ಕಂಬದ ಗುಡಿಯೆಂದು ಕರೆಯುತ್ತಾರೆ. ಹೊರಗಿನಿಂದ ಬರುವವರು ಬಹುಮಟ್ಟಿಗೆ ಆ ಗುಡಿಯನ್ನೂ ಕೋಟೆಯ ಆವರಣದ ನವಿಲುಧಾಮವನ್ನೂ ನೋಡಿ ಹಿಂದಿರುಗುತ್ತಾರೆ. ಜೈನ ವಾಙ್ಮಯದ ಇತಿಹಾಸದಲ್ಲಿ ಈ ಊರಿಗಿರುವ ಸ್ಥಾನ ಅವರಲ್ಲಿ ಹೆಚ್ಚಿನವರಿಗೆ ತಿಳಿಯದು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದಂಡನಾಯಕನಾದ ಬಂಕೆಯನ ಹೆಸರಿನಿಂದ ಬಂಕಾಪುರಕ್ಕೆ ಆ ಹೆಸರು ಬಂದಿತು. ಅವನ ಮಗ ಚೆಲ್ಲಕೇತನ ವಂಶದ ಲೋಕಾದಿತ್ಯನು ಎರಡನೆಯ ಕೃಷ್ಣನ ಸಾಮಂತನಾಗಿ ಬನವಾಸಿ ನಾಡನ್ನು ಇಲ್ಲಿಂದ ಆಳುತ್ತಿದ್ದನು. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರ ನೆಲೆಯಾಗಿ ಊರು ಮತ್ತಷ್ಟು ಪ್ರಸಿದ್ಧವಾಯಿತು. ಗಂಗರಾಜ ಇಮ್ಮಡಿ ಮಾರಸಿಂಹನು ರಾಜ್ಯವನ್ನು ತೊರೆದು ಬಂದು ಅವರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ್ದು ಇಲ್ಲಿಯೇ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಈ ಸಂಗತಿಯನ್ನು ತಿಳಿಸುತ್ತದೆ. ಚಾವುಂಡರಾಯನಿಗೂ ಕವಿ ರನ್ನನಿಗೂ ಅಜಿತಸೇನರೇ ಗುರುಗಳು.

ಈ ಎಲ್ಲಕ್ಕಿಂತ ಹಿಂದಿನದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಘಟನೆ. ಜಿನಸೇನಾಚಾರ್ಯರು ಕೈಗೊಂಡ ಮಹಾಪುರಾಣವು ಅವರ ಕಾಲದಲ್ಲಿ ಪೂರ್ಣವಾಗಲಿಲ್ಲ. ಆದಿಪುರಾಣದ 42 ಪರ್ವಗಳು ಮುಗಿದು 43ನೆಯದು ಆರಂಭವಾಗಿದ್ದಾಗ ಅವರ ಲೇಖನಿ ನಿಂತಿತು. ಶಿಷ್ಯರಾದ ಗುಣಭದ್ರಾಚಾರ್ಯರು ಉಳಿದ ಪರ್ವಗಳನ್ನು ಬರೆದು ಆದಿಪುರಾಣವನ್ನು ಮುಗಿಸಿ, ಉತ್ತರಪುರಾಣವನ್ನು ರಚಿಸಿದರು. ಉತ್ತರಪುರಾಣದ ಕೊನೆಯಲ್ಲಿ ಒಂದು ಪ್ರಶಸ್ತಿಯಿದೆ. ಲೋಕಾದಿತ್ಯನು ಬಂಕಾಪುರದಿಂದ ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಈ ಪುರಾಣಕ್ಕೆ ಭವ್ಯಜನರಿಂದ ಪೂಜೆ ಸಂದಿತೆಂದು ಅದರಲ್ಲಿ ಹೇಳಿದೆ.

ಈ ಪ್ರಶಸ್ತಿಯನ್ನು ಒಂದೇ ಕೈಯ ರಚನೆಯೆಂದು ಓದಿದರೆ ಗುಣಭದ್ರರು ಗ್ರಂಥವನ್ನು ಮುಗಿಸಿದ ಕಾಲ 898 ಎಂದಾಗುತ್ತದೆ. ಹಿಂದೆ ಹಲವರು ಹಾಗೆಯೇ ಬರೆದರು. ಆದರೆ ಪ್ರಶಸ್ತಿಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗವು ಗುಣಭದ್ರರದು. ಅದರಲ್ಲಿ ಗುರುಪರಂಪರೆಯ ಸ್ತುತಿಯೂ ಗ್ರಂಥದ ಪ್ರಶಂಸೆಯೂ ಇವೆ. ಎರಡನೆಯ ಭಾಗವು ಅವರ ಶಿಷ್ಯ ಲೋಕಸೇನನದು. ಅರಸನ ಹೆಸರು, ಊರಿನ ಹೆಸರು, ಶಕವರ್ಷ, ಪೂಜೆಯ ಸಂದರ್ಭ ಇವೆಲ್ಲ ಬರುವುದು ಅದರಲ್ಲಿ. ಈ ವಿಭಾಗವನ್ನು ಗುರುತಿಸಿದ ಬಳಿಕ 898 ಎಂಬುದು ರಚನೆಯ ಕಾಲವಾಗದೆ ಪೂಜೆಯ ಕಾಲವಾಗುತ್ತದೆ. ಗ್ರಂಥವು ಅದಕ್ಕೆ ಮೊದಲೇ ಮುಗಿದಿರಬೇಕು. ಆ ದಿನ ಗುಣಭದ್ರರು ಬದುಕಿದ್ದರೆಂದು ಹೇಳಲು ಪ್ರಶಸ್ತಿಯೊಂದೇ ಸಾಲದು. ಎರಡು ಪದ್ಯಗಳ ನಡುವೆ ಎಲ್ಲಿ ಕೈ ಬದಲಾಯಿತೆಂಬುದನ್ನು ಗಮನಿಸಿದ ಮಾತ್ರದಿಂದ ಆಚಾರ್ಯರೊಬ್ಬರ ಜೀವಿತಕಾಲದ ಲೆಕ್ಕವೇ ಬೇರೆಯಾದುದಕ್ಕೆ ಇದು ಒಳ್ಳೆಯ ನಿದರ್ಶನ.

ಓಲೆಯ ಮೇಲೆ ಈ ಎರಡು ಭಾಗಗಳ ನಡುವೆ ವಿಶೇಷವಾದ ಗುರುತನ್ನು ನಿರೀಕ್ಷಿಸುವಂತಿಲ್ಲ. ಪ್ರತಿಯೊಂದು ಪದ್ಯದ ಕೊನೆಯಲ್ಲಿರುವ ಜೋಡಿ ದಂಡವೇ ಅಲ್ಲಿಯೂ ಇರುತ್ತದೆ. ಪದ್ಯದ ಎಲ್ಲೆಯೂ ಕರ್ತೃವಿನ ಎಲ್ಲೆಯೂ ಒಂದೇ ಗುರುತಿನಲ್ಲಿ ಅಡಗಿರುತ್ತವೆ.

2

ಗುಣಭದ್ರರ ಗುರುಪರಂಪರೆಯಲ್ಲಿಯೇ ಇದಕ್ಕಿಂತ ಜಟಿಲವಾದ ಉದಾಹರಣೆ ದೊರೆಯುತ್ತದೆ. ಜಿನಸೇನರ ಗುರುಗಳು ವೀರಸೇನಾಚಾರ್ಯರು. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ಬರೆದವರು ಅವರೇ. ಗುಣಧರಾಚಾರ್ಯರ ಕಸಾಯಪಾಹುಡಕ್ಕೆ ಜಯಧವಲಾ ಟೀಕೆಯನ್ನು ಅವರು ಆರಂಭಿಸಿ 20,000 ಗ್ರಂಥಪ್ರಮಾಣವನ್ನು ಬರೆದರು. ಮುಂದಿನ 40,000 ಗ್ರಂಥಪ್ರಮಾಣವನ್ನು ಜಿನಸೇನರು ಬರೆದು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಮುಗಿಸಿದರು. ಒಂದು ಗ್ರಂಥವೆಂದರೆ 32 ಅಕ್ಷರಗಳ ಅಳತೆ. ಆ ಲೆಕ್ಕದಂತೆ ಜಯಧವಲೆಯಲ್ಲಿ ಹತ್ತೊಂಬತ್ತು ಲಕ್ಷ ಇಪ್ಪತ್ತು ಸಾವಿರ ಅಕ್ಷರಗಳಾಗುತ್ತವೆ.

ಈ ರಾಶಿಯೊಳಗೆ ಪದರಗಳು ಹಲವು. ಒಳಗಣ ತಿರುಳು ಗುಣಧರರ ಪ್ರಾಕೃತ ಗಾಥೆ. ಅದನ್ನು ಆವರಿಸಿಕೊಂಡಿರುವುದು ಯತಿವೃಷಭರ ಚೂರ್ಣಿಸೂತ್ರ. ಚೂರ್ಣಿಯನ್ನೂ ಗಾಥೆಯನ್ನೂ ಆವರಿಸಿಕೊಂಡಿರುವುದು ವೀರಸೇನ ಜಿನಸೇನರ ಟೀಕೆ. ಟೀಕೆಯು ಪ್ರಾಕೃತದಲ್ಲಿ ಸಾಗಿ ನಡುನಡುವೆ ಸಂಸ್ಕೃತಕ್ಕೆ ಹೊರಳುತ್ತದೆ. ಪೂರ್ವಾಚಾರ್ಯರ ಗಾಥೆಗಳನ್ನು ಪ್ರಮಾಣವಾಗಿ ಉದ್ಧರಿಸುತ್ತದೆ. ಹೀಗೆ ಉದ್ಧೃತ ಗಾಥೆಯು ಟೀಕೆಯ ಒಳಗೆ, ಟೀಕೆ ಚೂರ್ಣಿಯ ಸುತ್ತ, ಚೂರ್ಣಿ ಮೂಲಗಾಥೆಯ ಸುತ್ತ ನಿಲ್ಲುತ್ತದೆ. ಮೂಲದ ಗಾಥೆ ಯಾವುದು, ಉದ್ಧೃತವಾದ ಗಾಥೆ ಯಾವುದು ಎಂಬುದನ್ನು ಛಂದಸ್ಸಿನಿಂದ ನಿರ್ಣಯಿಸಲಾಗದು, ಎರಡೂ ಗಾಥೆಗಳೇ. ‘ಉಕ್ತಂ ಚ’ ಎಂಬಂತಹ ಸೂಚಕಪದದಿಂದಲೂ ಸಂದರ್ಭದಿಂದಲೂ ಮಾತ್ರ ಅದನ್ನು ತಿಳಿಯಬೇಕು.

ಈ ಸಿದ್ಧಾಂತಗ್ರಂಥಗಳ ಪ್ರಾಚೀನ ತಾಡವೋಲೆಯ ಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ, ಉಳಿದು ಬಂದವು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವುಗಳ ಪ್ರತಿಲಿಪಿಯ ಕಾರ್ಯ ತೊಡಗಿ ಎರಡು ದಶಕಗಳಿಗೂ ಮೀರಿ ನಡೆಯಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಹೊರಬಂದಿತು. ಒಟ್ಟು 16 ಸಂಪುಟಗಳಾದವು. ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಪ್ರಕಟವಾದಾಗ ದಕ್ಷಿಣದ ಜೈನ ಭಂಡಾರಗಳ ಸಂಪತ್ತು ವಿದ್ವಲ್ಲೋಕಕ್ಕೆ ಇನ್ನಷ್ಟು ಗೋಚರವಾಯಿತು.

ಪಶ್ಚಿಮ ಭಾರತದ ಜೈನ ಕಾಗದದ ಪ್ರತಿಗಳಲ್ಲಿ ಈ ಸಮಸ್ಯೆಗೆ ಬೇರೊಂದು ಪರಿಹಾರವಿತ್ತು. ಅಲ್ಲಿ ಮೂಲವನ್ನು ದೊಡ್ಡ ಅಕ್ಷರಗಳಲ್ಲಿ ಪುಟದ ನಡುವೆ ಬರೆದು, ಟೀಕೆಯನ್ನು ಸಣ್ಣ ಅಕ್ಷರಗಳಲ್ಲಿ ಮೇಲೂ ಕೆಳಗೂ ಬರೆಯುತ್ತಿದ್ದರು. ಇದಕ್ಕೆ ತ್ರಿಪಾಠವೆಂದು ಹೆಸರು. ನಾಲ್ಕು ಅಂಚುಗಳಲ್ಲಿಯೂ ಟೀಕೆಯಿದ್ದರೆ ಅದು ಪಂಚಪಾಠ. ದಂಡಗಳನ್ನೂ ಸಂಖ್ಯೆಗಳನ್ನೂ ಕೆಂಪು ಬಣ್ಣದಿಂದ ಎತ್ತಿ ತೋರಿಸುತ್ತಿದ್ದರು. ನಮ್ಮ ತಾಳೆಯೋಲೆ ಅಗಲ ಕಿರಿದಾದುದು. ಕಂಠದಿಂದ ಕೊರೆದು ಮಸಿ ತುಂಬುವ ಬರವಣಿಗೆಯಲ್ಲಿ ಎರಡನೆಯ ಬಣ್ಣಕ್ಕೆ ಎಡೆಯಿಲ್ಲ. ಮೂಲ, ಟೀಕೆ, ಉದ್ಧರಣೆ ಎಲ್ಲವೂ ಒಂದೇ ಗಾತ್ರದಲ್ಲಿ, ಪದಗಳ ನಡುವೆ ಅಂತರವಿಲ್ಲದೆ, ದಾರದ ರಂಧ್ರವನ್ನು ಬಳಸಿಕೊಂಡು ಸಾಲಾಗಿ ಸಾಗುತ್ತವೆ. ಕನ್ನಡದ ಲಿಪಿಕಾರನು ಸ್ಥಳದಿಂದಲೂ ಬಣ್ಣದಿಂದಲೂ ತೋರಿಸಲಾಗದ ಭೇದವನ್ನು ಗುರುತಿನಿಂದ ತೋರಿಸಬೇಕಾಯಿತು. ಆದುದರಿಂದಲೇ ನಮ್ಮಲ್ಲಿ ಗುರುತಿಗೆ ಹೆಚ್ಚಿನ ಹೊಣೆ ಬಿದ್ದಿತು.

3

ಆ ಗುರುತುಗಳ ವ್ಯವಸ್ಥೆ ಚಂಪೂಕಾವ್ಯಗಳ ಪ್ರತಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪದ್ಯದ ಆರಂಭದಲ್ಲಿ ಛಂದಸ್ಸಿನ ಹೆಸರಿನ ಮೊದಲಕ್ಷರ, ಅದರ ಮುಂದೆ ಜೋಡಿ ದಂಡ: ಕಂ॥ ಎಂದರೆ ಕಂದ, ಉ॥ ಎಂದರೆ ಉತ್ಪಲಮಾಲೆ, ಚಂ॥ ಎಂದರೆ ಚಂಪಕಮಾಲೆ, ಮ॥ ಎಂದರೆ ಮತ್ತೇಭವಿಕ್ರೀಡಿತ, ವ॥ ಎಂದರೆ ವಚನ. ಪದ್ಯ ಮುಗಿದ ಮೇಲೆ ಜೋಡಿ ದಂಡ, ಸಂಖ್ಯೆ, ಮತ್ತೆ ಜೋಡಿ ದಂಡ. ಇಲ್ಲಿ ಒಂದೇ ಚಿಹ್ನೆ ಎರಡು ಕೆಲಸಗಳನ್ನು ಮಾಡುತ್ತದೆಂಬುದು ಗಮನಾರ್ಹ. ಮೊದಲನೆಯ ಜೋಡಿ ದಂಡವು ಹೆಸರು ಸಂಕ್ಷೇಪವಾಗಿದೆಯೆಂದು ತಿಳಿಸುತ್ತದೆ. ಎರಡನೆಯದು ಪದ್ಯ ಮುಗಿಯಿತೆಂದು ತಿಳಿಸುತ್ತದೆ. ಇದರೊಡನೆ ವೃ॥ ಎಂದು ಬರೆದಲ್ಲಿ ಓಲೆಯ ಅಂಚು ಮುಕ್ಕಾಗಿ ವಟ್ರಸುಳಿ ಕಳೆದರೆ ವೃತ್ತವು ವಚನವೆಂದು ಕಾಣುವ ಅಪಾಯವೂ ಇದೆ.

ಸಂಕ್ಷೇಪದ ಈ ಜೋಡಿ ದಂಡ ಓಲೆಯೊಡನೆ ಅಳಿದುಹೋಗಲಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಯಾವ ಲಗ್ನಪತ್ರಿಕೆಯನ್ನಾದರೂ ತೆಗೆದು ನೋಡಿದರೆ ವರನ ಹೆಸರಿನ ಹಿಂದೆ ಚಿ॥ ರಾ॥ ಎಂದೂ ವಧುವಿನ ಹೆಸರಿನ ಹಿಂದೆ ಚಿ॥ ಕುಂ॥ ಸೌ॥ ಎಂದೂ ಅಚ್ಚಾಗಿರುವುದು ಕಂಡುಬರುತ್ತದೆ. ಅಕ್ಷರಜೋಡಣೆಯ ಅಂಗಡಿಯಲ್ಲಿ ಗಣಕದ ಮುಂದೆ ಕುಳಿತ ಯುವಕನು ಪ್ರತಿದಿನವೂ ಬಳಸುವ ಈ ಚಿಹ್ನೆ ರನ್ನನ ಕಾವ್ಯವನ್ನು ಪ್ರತಿಮಾಡಿದ ಲಿಪಿಕಾರರ ಸೊತ್ತು.

ಶಾಸ್ತ್ರಗ್ರಂಥಗಳಲ್ಲಿ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರವು ಕಂದಪದ್ಯದಲ್ಲಿದೆ. ಅದನ್ನು ವಿವರಿಸುವ ವೃತ್ತಿಯು ಗದ್ಯದಲ್ಲಿದೆ. ಬಳಿಕ ಪ್ರಯೋಗವೆಂದು ಪೂರ್ವಕವಿಗಳ ಪದ್ಯಗಳ ಉದಾಹರಣೆಗಳು ಬರುತ್ತವೆ. ನಿಷ್ಠುರಸಂಜಯ್ಯನ ವ್ಯಾಖ್ಯಾನ ಸೇರಿದರೆ ನಾಲ್ಕನೆಯ ಪದರವಾಗುತ್ತದೆ. ಎಫ್. ಕಿಟ್ಟೆಲ್ಲರು ಆ ವ್ಯಾಖ್ಯಾನದೊಡನೆ ಈ ಗ್ರಂಥವನ್ನು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿದರು. 1841ರಲ್ಲಿ ಆರಂಭವಾದ ಆ ಮುದ್ರಣಾಲಯದಿಂದಲೇ ನಾಗವರ್ಮನ ಛಂದೋಂಬುಧಿ 1875ರಲ್ಲಿ ಹೊರಬಂದಿತು. ಓಲೆಯ ಒಂದೇ ಎಳೆಯ ಬರವಣಿಗೆಯನ್ನು ಪುಟದ ಮೇಲೆ ಬೇರೆಬೇರೆ ಕಂಡಿಕೆಗಳಾಗಿ ಒಡೆದು ನಿಲ್ಲಿಸುವ ಕೆಲಸ ಅಂದು ಸಂಪಾದಕನ ಪಾಲಿಗೆ ಬಂದಿತು.

ಇಲ್ಲಿಯೂ ಪಣವಾಗಿರುವುದು ಹಿರಿದು. ಕೇಶಿರಾಜನು ಪ್ರಯೋಗಗಳಲ್ಲಿ ಎತ್ತಿಕೊಂಡ ಪದ್ಯಗಳಲ್ಲಿ ಕೆಲವುಗಳ ಆಕರಗ್ರಂಥಗಳು ನಮಗೆ ದೊರೆತಿಲ್ಲ. ಆ ಕವಿಗಳಿಂದ ಉಳಿದಿರುವುದು ಆ ಉದಾಹರಣೆಗಳಷ್ಟೇ. ಪ್ರಯೋಗವೊಂದು ವೃತ್ತಿಯಲ್ಲಿ ಬೆರೆತುಹೋದರೆ ಕಳೆದುಹೋದ ಕಾವ್ಯದ ಒಂದು ಚೂರು ಮತ್ತೊಮ್ಮೆ ಕಳೆದುಹೋಗುತ್ತದೆ.

4

ಮೊಳೆಯ ಅಚ್ಚಿನ ಕಾಲದಲ್ಲಿ ಈ ಭೇದಗಳನ್ನು ಕಾಯುವವರು ಇಬ್ಬರಿದ್ದರು. ಸಂಪಾದಕನು ಹಸ್ತಪ್ರತಿಯ ಅಂಚಿನಲ್ಲಿ ಸೂತ್ರಕ್ಕೆ ದಪ್ಪ ಅಕ್ಷರ, ವೃತ್ತಿಗೆ ಸಾಧಾರಣ ಅಕ್ಷರ, ಪ್ರಯೋಗಕ್ಕೆ ಸಣ್ಣ ಅಕ್ಷರ ಎಂದು ಗುರುತು ಹಾಕುತ್ತಿದ್ದನು. ಮೊಳೆ ಜೋಡಿಸುವವನು ಪ್ರತಿಯೊಂದು ಬದಲಾವಣೆಗೂ ಬೇರೆ ಪೆಟ್ಟಿಗೆಗೆ ಕೈಹಾಕಬೇಕಾಗಿತ್ತು. ಕೈ ನಿಧಾನವಾದುದರಿಂದ ಕಣ್ಣಿಗೂ ಸಮಯವಿರುತ್ತಿತ್ತು. ಸಂದೇಹ ಬಂದಲ್ಲಿ ಕರಡಚ್ಚಿನ ಅಂಚಿನಲ್ಲಿ ಪ್ರಶ್ನೆಯೊಂದು ಮೂಡುತ್ತಿತ್ತು.

1985ರಲ್ಲಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶ ಬಂದಿತು. ಕಾಲಕ್ರಮದಲ್ಲಿ ಕನ್ನಡದ ಅಕ್ಷರಜೋಡಣೆಯೂ ಅದನ್ನು ಆಶ್ರಯಿಸಿತು. ಅದರಲ್ಲಿ ಕಂಡಿಕೆಗೊಂದು ಶೈಲಿಯನ್ನು ಗೊತ್ತುಪಡಿಸಬಹುದಾಗಿತ್ತು. ಕಂಡಿಕೆಯ ಒಳಗಿನ ಸಣ್ಣ ಭಾಗಗಳನ್ನು ಕೈಯಿಂದಲೇ ಆರಿಸಿ ಬದಲಿಸಬೇಕಾಗಿತ್ತು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ 1999ರಲ್ಲಿ ಬಂದು, ಅದರ 2003ರ ಆವೃತ್ತಿಯಲ್ಲಿ ‘ನೆಸ್ಟೆಡ್ ಸ್ಟೈಲ್’ ಎಂಬ ಸೌಲಭ್ಯ ಸೇರಿತು. ಒಂದು ಶೈಲಿಯ ಗರ್ಭದಲ್ಲಿ ಇನ್ನೊಂದನ್ನು ಇರಿಸುವ ಈ ಕ್ರಮವನ್ನು ನಾವು ‘ಒಳಶೈಲಿ’ ಎಂದು ಕರೆಯಬಹುದು.

ಇದರ ಕಾರ್ಯಕ್ರಮ ಸರಳವಾದುದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದರಪತ್ರವೊಂದನ್ನು ಕಲ್ಪಿಸಿಕೊಳ್ಳೋಣ. ಪ್ರತಿಯೊಂದು ಸಾಲಿನಲ್ಲಿಯೂ ಮೊದಲು ಕಡ್ಡಿ ಅಥವಾ ಡಬ್ಬಿ ಎಂಬ ತಳಿಯ ಹೆಸರು, ಅದರ ಮುಂದೆ ವಿವರಣೆಯ ಚಿಹ್ನೆಯಾದ ಎರಡು ಚುಕ್ಕೆ, ಬಳಿಕ ದರ. ‘ಮೊದಲ ಎರಡು ಚುಕ್ಕೆಯವರೆಗೆ ದಪ್ಪ ಅಕ್ಷರ, ಆಮೇಲೆ ಸಾಧಾರಣ ಅಕ್ಷರ’ ಎಂದು ಕಂಡಿಕೆಯ ಶೈಲಿಯಲ್ಲಿ ಒಮ್ಮೆ ಬರೆದಿಟ್ಟರೆ ಸಾಕು. ನೂರು ಸಾಲುಗಳಿದ್ದರೂ ತಳಿಯ ಹೆಸರುಗಳೆಲ್ಲ ತಾವಾಗಿ ದಪ್ಪವಾಗುತ್ತವೆ. ಯಾವ ಅಕ್ಷರಶೈಲಿ, ಯಾವ ಗುರುತಿನವರೆಗೆ, ಆ ಗುರುತಿನ ಎಷ್ಟನೆಯ ಆವೃತ್ತಿಯವರೆಗೆ, ಗುರುತನ್ನು ಒಳಗೊಂಡೋ ಅಥವಾ ಹೊರಗಿಟ್ಟೋ ಎಂಬ ನಾಲ್ಕು ಸಂಗತಿಗಳನ್ನು ಹೇಳಿದರೆ ನಿಯಮ ಪೂರ್ಣವಾಗುತ್ತದೆ. ಒಂದು ನಿಯಮ ಮುಗಿದಲ್ಲಿಂದ ಮುಂದಿನದು ತೊಡಗುತ್ತದೆ.

ಓಲೆಯ ಸಂಪ್ರದಾಯವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಚಂಪೂಕಾವ್ಯದ ಪದ್ಯಕ್ಕೆ ನಿಯಮವನ್ನು ಹೀಗೆ ಹೇಳಬಹುದು: ಮೊದಲನೆಯ ಜೋಡಿ ದಂಡವನ್ನೊಳಗೊಂಡು ಛಂದೋನಾಮದ ಶೈಲಿ, ಮುಂದಿನ ಜೋಡಿ ದಂಡದವರೆಗೆ ಪದ್ಯಶರೀರದ ಶೈಲಿ, ಅದರ ಮುಂದಿನದರವರೆಗೆ ಸಂಖ್ಯೆಯ ಶೈಲಿ. ಲಿಪಿಕಾರನು ಇಟ್ಟ ಗುರುತುಗಳೇ ಯಂತ್ರಕ್ಕೆ ಆಜ್ಞೆಗಳಾಗುತ್ತವೆ.

5

ಆದರೆ ಸಂಪಾದಕನು ಅರಿಯದಿದ್ದರೆ ದಾರಿ ತಪ್ಪುವ ಎಡೆಗಳು ಹಲವಿವೆ. ಮುಖ್ಯವಾದವುಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳಲಾಗಿದೆ.

ಮೊದಲನೆಯದು ದಂಡದ ಸಮಸ್ಯೆ. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆಂದು ಬೇರೆ ದಂಡಗಳಿಲ್ಲ. ದೇವನಾಗರಿಯ ವಿಭಾಗದಲ್ಲಿ 0964ನೆಯ ಸ್ಥಾನದ ಒಂಟಿ ದಂಡವನ್ನೂ 0965ನೆಯ ಸ್ಥಾನದ ಜೋಡಿ ದಂಡವನ್ನೂ ಕನ್ನಡವೂ ಬಳಸಬೇಕು. ಅಕ್ಷರಜೋಡಣೆಯಲ್ಲಿ ಒಬ್ಬರು ಜೋಡಿ ದಂಡದ ಚಿಹ್ನೆಯನ್ನು ಒತ್ತಿದರೆ ಮತ್ತೊಬ್ಬರು ಒಂಟಿ ದಂಡವನ್ನು ಎರಡು ಸಲ ಒತ್ತುತ್ತಾರೆ. ಮೂರನೆಯವರು ಕೀಲಿಮಣೆಯ ನೆಟ್ಟಗೀಟನ್ನು ಎರಡು ಸಲ ಒತ್ತುತ್ತಾರೆ. ಕಣ್ಣಿಗೆ ಮೂರೂ ಒಂದೇ. ಯಂತ್ರಕ್ಕೆ ಮೂರೂ ಬೇರೆ. ಒಳಶೈಲಿಯ ನಿಯಮದಲ್ಲಿ ಎರಡು ಚಿಹ್ನೆಗಳನ್ನು ಒಟ್ಟಿಗೆ ಬರೆದರೆ ಅವೆರಡೂ ಸೇರಿದ ಜೋಡಿಯೆಂದು ತಂತ್ರಾಂಶ ಭಾವಿಸುವುದಿಲ್ಲ. ಅವುಗಳಲ್ಲಿ ಯಾವುದೊಂದು ಸಿಕ್ಕರೂ ಎಲ್ಲೆ ಬಂದಿತೆಂದು ತಿಳಿಯುತ್ತದೆ. ಹಾಗಾದಾಗ ಪದ್ಯಾರ್ಧದ ಒಂಟಿ ದಂಡದಲ್ಲಿಯೇ ಪದ್ಯ ಮುಗಿದು ಉತ್ತರಾರ್ಧವು ಸಂಖ್ಯೆಯ ರೂಪವನ್ನು ತಾಳುತ್ತದೆ.

ಎರಡನೆಯದು ಕಂಡಿಕೆಯ ಸಮಸ್ಯೆ. ಒಳಶೈಲಿಯ ಆಳ್ವಿಕೆ ಒಂದು ಕಂಡಿಕೆಯೊಳಗೆ ಮಾತ್ರ. ಕಂದದ ನಾಲ್ಕು ಪಾದಗಳನ್ನು ನಾಲ್ಕು ಸಾಲಾಗಿ ನಿಲ್ಲಿಸಲು ಪ್ರತಿ ಪಾದದ ಕೊನೆಗೂ ಹೊಸ ಕಂಡಿಕೆಯ ಕೀಲಿಯನ್ನು ಒತ್ತಿದರೆ ನಿಯಮವು ಪ್ರತಿ ಪಾದದಲ್ಲಿಯೂ ಮೊದಲಿನಿಂದ ತೊಡಗುತ್ತದೆ. ಕಂಡಿಕೆ ಮುರಿಯದಂತೆ ಸಾಲನ್ನು ಮಾತ್ರ ಮುರಿಯುವ ಕೀಲಿಯನ್ನು ಬಳಸಬೇಕು. ಸೂತ್ರ, ವೃತ್ತಿ, ಪ್ರಯೋಗಗಳಂತೆ ಬೇರೆಬೇರೆ ಕಂಡಿಕೆಗಳು ಕ್ರಮವಾಗಿ ಬರುವಲ್ಲಿ ‘ಮುಂದಿನ ಶೈಲಿ’ ಎಂಬ ಬೇರೊಂದು ಸೌಲಭ್ಯವಿದೆ. ಅದು ಕ್ರಮ ತಪ್ಪದಿರುವವರೆಗೆ ಮಾತ್ರ ಉಪಯುಕ್ತ. ಒಂದು ಸೂತ್ರಕ್ಕೆ ಪ್ರಯೋಗವಿಲ್ಲದಿದ್ದರೆ ಮುಂದಿನ ಸೂತ್ರವು ಪ್ರಯೋಗದ ಉಡುಪಿನಲ್ಲಿ ಬರುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸ್ಥಾನ ಜಾರುತ್ತವೆ.

ಮೂರನೆಯದು ಅಕ್ಷರದ ಎಣಿಕೆಯ ಸಮಸ್ಯೆ. ಗ್ರಂಥಪ್ರಮಾಣವನ್ನು ಅಕ್ಷರಗಳಿಂದಲೂ ಕಂದವನ್ನು ಮಾತ್ರೆಗಳಿಂದಲೂ ಎಣಿಸುವುದು ನಮ್ಮ ಸಂಪ್ರದಾಯ. ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರ. ಯೂನಿಕೋಡ್ ಸಂಕೇತದಲ್ಲಿ ಅದು ಆರು ಘಟಕಗಳ ಸರಣಿ. ಹಳೆಯ ಫಾಂಟುಗಳ ಸಂಕೇತಗಳಲ್ಲಿ ಒಂದು ಅಕ್ಷರವು ತಲೆಕಟ್ಟು, ಒಡಲು, ಒತ್ತುಗಳೆಂದು ಚೂರುಚೂರಾಗಿರುತ್ತಿತ್ತು. ಆದುದರಿಂದ ಇಷ್ಟು ಅಕ್ಷರಗಳವರೆಗೆ ಈ ಶೈಲಿ ಎಂಬ ನಿಯಮವನ್ನು ಕನ್ನಡದಲ್ಲಿ ನೆಚ್ಚುವಂತಿಲ್ಲ. ಗುರುತಿನವರೆಗೆ ಎಂಬುದೇ ಕ್ಷೇಮ. ಆ ಹಳೆಯ ಸಂಕೇತಗಳಲ್ಲಿ ಜೋಡಿಸಿದ ಗ್ರಂಥಗಳಿಗೆ ಇನ್ನೊಂದು ಅಪಾಯವಿದೆ. ಅವುಗಳಲ್ಲಿ ಪಾಠವು ಫಾಂಟಿಗೆ ಕಟ್ಟುಬಿದ್ದಿರುತ್ತದೆ. ಒಳಶೈಲಿಯು ಬೇರೊಂದು ಸಂಕೇತಕ್ರಮದ ಫಾಂಟನ್ನು ಕರೆದರೆ ಅಕ್ಷರದ ರೂಪದೊಡನೆ ಅಕ್ಷರವೇ ಬದಲಾಗಿ, ಪ್ರಾಕೃತ ಗಾಥೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. 2012ರ ಆವೃತ್ತಿಯಿಂದ ಇನ್‌ಡಿಸೈನ್‌ನಲ್ಲಿ ಕನ್ನಡವೇ ಮೊದಲಾದ ಭಾರತೀಯ ಲಿಪಿಗಳ ಯೂನಿಕೋಡ್ ಜೋಡಣೆಗೆ ಅನುಕೂಲವಾದ ಮೇಲೆ ಈ ತೊಡಕಿನಿಂದ ಪಾರಾಗುವ ದಾರಿ ತೆರೆದಿದೆ.

ನಾಲ್ಕನೆಯದು ಸೂಚಕಪದಗಳ ಸಮಸ್ಯೆ. ‘ಉಕ್ತಂ ಚ’ ಎಂಬ ಪದವನ್ನು ಕಂಡು ಮುಂದಿನ ಗಾಥೆಯನ್ನು ಉದ್ಧರಣೆಯೆಂದು ತಿಳಿಯುವ ಶಕ್ತಿ ಒಳಶೈಲಿಗಿಲ್ಲ. ಅದು ಬಿಡಿ ಚಿಹ್ನೆಗಳನ್ನು ಕಂಡುಕೊಳ್ಳಬಲ್ಲುದೇ ವಿನಾ ಇಂತಿಂತಹ ಪದವೆಂದು ಅರಿಯಲಾರದು. 2008ರ ಆವೃತ್ತಿಯಲ್ಲಿ ಬಂದ ‘ಗ್ರೆಪ್ ಸ್ಟೈಲ್’ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಅಕ್ಷರಗಳ ಒಂದು ವಿನ್ಯಾಸವನ್ನು ಸೂತ್ರರೂಪದಲ್ಲಿ ಬರೆದಿಟ್ಟರೆ ಅದಕ್ಕೆ ಹೊಂದುವ ಎಲ್ಲ ಎಡೆಗಳಿಗೂ ಅದು ಶೈಲಿಯನ್ನು ಹಚ್ಚುತ್ತದೆ. ಸಂಪಾದಕನು ಊಹೆಯಿಂದ ತುಂಬಿದ ಅಕ್ಷರಗಳನ್ನು ಚೌಕ ಕಂಸದಲ್ಲಿ ಇಡುವ ಪದ್ಧತಿ ನಮಗೆ ಪರಿಚಿತ. ಪಾಶ್ಚಾತ್ಯ ಶಾಸನತಜ್ಞರು ಇದನ್ನು 1931ರಲ್ಲಿ ಲೈಡನ್‌ನಲ್ಲಿ ಒಂದು ಒಪ್ಪಂದವಾಗಿಯೇ ಅಂಗೀಕರಿಸಿದರು. ಚೌಕ ಕಂಸದೊಳಗಿರುವುದೆಲ್ಲ ತೆಳುವಾದ ಅಕ್ಷರದಲ್ಲಿ ಬರಲಿ ಎಂಬ ಒಂದೇ ಸೂತ್ರದಿಂದ ಇಡೀ ಗ್ರಂಥದಲ್ಲಿ ಓಲೆಯ ಪಾಠವೂ ಸಂಪಾದಕನ ಊಹೆಯೂ ಬೇರೆಬೇರೆಯಾಗಿ ಕಾಣುತ್ತವೆ. ಓದುಗನಿಗೆ ಇದರಿಂದ ಆಗುವ ಉಪಕಾರ ಸಾಮಾನ್ಯವಾದುದಲ್ಲ.

6

ಇನ್ನು ಬಂಕಾಪುರದ ಪ್ರಶಸ್ತಿಗೆ ಮರಳೋಣ. ಉತ್ತರಪುರಾಣವನ್ನು ಪನ್ನಾಲಾಲ ಜೈನರು ಸಂಪಾದಿಸಿ ಭಾರತೀಯ ಜ್ಞಾನಪೀಠದಿಂದ 1954ರಲ್ಲಿ ಪ್ರಕಟಿಸಿದರು. ನಾಳೆ ಯಾರಾದರೂ ಅದನ್ನು ಕನ್ನಡ ಲಿಪಿಯಲ್ಲಿ ಹೊಸದಾಗಿ ಅಣಿಗೊಳಿಸಿ, ಪದ್ಯಗಳಿಗೆ ಮೇಲೆ ಹೇಳಿದಂತಹ ನಿಯಮವನ್ನು ಹಾಕಿದರೆಂದು ಭಾವಿಸೋಣ. ಪ್ರತಿಯೊಂದು ಶ್ಲೋಕವೂ ಅದರ ಸಂಖ್ಯೆಯೂ ಅಚ್ಚುಕಟ್ಟಾಗಿ ನಿಲ್ಲುತ್ತವೆ. ಪ್ರಶಸ್ತಿಯ ಪದ್ಯಗಳೂ ಅದೇ ಉಡುಪಿನಲ್ಲಿ, ಆರಂಭದಿಂದ ಕೊನೆಯವರೆಗೆ ಒಂದೇ ಸಮನಾಗಿ ನಿಲ್ಲುತ್ತವೆ. ಗುಣಭದ್ರರ ಕೈ ಬಿಟ್ಟು ಲೋಕಸೇನನ ಕೈ ತೊಡಗಿದ ಎಡೆಯಲ್ಲಿ ಪುಟದ ಮೇಲೆ ಯಾವ ಭೇದವೂ ಕಾಣುವುದಿಲ್ಲ. ಯಂತ್ರವು ತಪ್ಪು ಮಾಡಿದಂತಾಗಲಿಲ್ಲ. ಅಲ್ಲಿದ್ದುದು ಜೋಡಿ ದಂಡ, ಅದು ಕಂಡದ್ದೂ ಜೋಡಿ ದಂಡ. ಆದರೂ ವಿದ್ವಾಂಸರು ಶ್ರಮಪಟ್ಟು ಬಿಡಿಸಿದ ಗಂಟು ಮತ್ತೆ ಬಿದ್ದಂತಾಯಿತು. ಪುಟವು ಚೆಲುವಾಗಿರುವಷ್ಟೂ ಓದುಗನಿಗೆ ಸಂದೇಹ ಹುಟ್ಟುವ ಸಂಭವ ಕಡಿಮೆ.

ಇದಕ್ಕೆ ಪರಿಹಾರ ತಂತ್ರಾಂಶದಲ್ಲಿಯೇ ಇದೆ. ಅಚ್ಚಿನಲ್ಲಿ ಕಾಣದಂತಹ ಒಂದು ಸಮಾಪ್ತಿಚಿಹ್ನೆಯನ್ನು ಪಾಠದ ಯಾವ ಎಡೆಯಲ್ಲಾದರೂ ಇರಿಸಿ, ‘ಒಳಶೈಲಿ ಇಲ್ಲಿಗೆ ಮುಗಿಯಲಿ’ ಎಂದು ಹೇಳಲು ಅವಕಾಶವಿದೆ. ಕರ್ತೃಭೇದಕ್ಕೆ ಬೇರೊಂದು ಕಂಡಿಕೆಯ ಶೈಲಿಯನ್ನೇ ಕಲ್ಪಿಸಬಹುದು. ಗುಣಭದ್ರರ ಪ್ರಶಸ್ತಿ, ಲೋಕಸೇನನ ಪ್ರಶಸ್ತಿ ಎಂದು ಶೈಲಿಗಳಿಗೆ ಹೆಸರಿಟ್ಟರೆ, ಇಂದು ಅವೆರಡೂ ಒಂದೇ ರೂಪದಲ್ಲಿ ಅಚ್ಚಾದರೂ ಮುಂದಿನ ಸಂಪಾದಕನಿಗೆ ಭೇದವು ಕಡತದಲ್ಲಿಯೇ ಸಿಗುತ್ತದೆ. ಶೈಲಿಗೆ ಹೆಸರಿಡುವಾಗ ‘ದಪ್ಪ 14’, ‘ಸಣ್ಣ 10’ ಎಂದು ರೂಪವನ್ನು ಹೇಳುವುದಕ್ಕಿಂತ ಸೂತ್ರ, ವೃತ್ತಿ, ಪ್ರಯೋಗ, ಉದ್ಧೃತಗಾಥೆ ಎಂದು ಸ್ವಭಾವವನ್ನು ಹೇಳುವುದು ಈ ಕಾರಣದಿಂದ ಶ್ರೇಯಸ್ಕರ.

ಹೆಸರು ಒಮ್ಮೆ ತಪ್ಪಿ ಬಿದ್ದರೆ ತಿದ್ದುವುದು ಎಷ್ಟು ಕಷ್ಟವೆಂಬುದಕ್ಕೆ ಯೂನಿಕೋಡ್ ಪಟ್ಟಿಯಲ್ಲಿಯೇ ಒಂದು ದೃಷ್ಟಾಂತವಿದೆ. ಹಳಗನ್ನಡದ ೞಕಾರಕ್ಕೆ ಆ ಪಟ್ಟಿಯಲ್ಲಿ ಫಕಾರವನ್ನು ಸೂಚಿಸುವ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಅದರ ಪಕ್ಕದಲ್ಲಿ ಟಿಪ್ಪಣಿಯಾಗಿ ನಿಂತಿದೆ.

ಒಳಶೈಲಿಯ ಮತ್ತೊಂದು ಗುಣವನ್ನೂ ಇಲ್ಲಿ ಹೇಳಬೇಕು. ಅದು ತೊಡಿಸುವ ರೂಪವು ನಿಯಮ ಮತ್ತು ಗುರುತು ಎರಡೂ ಇರುವವರೆಗೆ ಮಾತ್ರ. ಪಾಠವನ್ನು ಬರಿಯ ಅಕ್ಷರಗಳಾಗಿ ಬೇರೆಡೆಗೆ ಸಾಗಿಸಿದಾಗ ದಪ್ಪ, ಸಣ್ಣ, ಬಣ್ಣಗಳೆಲ್ಲ ಉದುರಿಹೋಗುತ್ತವೆ. ಉಳಿಯುವುದು ಕಂ॥, ವ॥, ದಂಡ, ಸಂಖ್ಯೆ, ಕಂಸಗಳು ಮಾತ್ರ. ಓಲೆಯ ಮೇಲೆ ಉಳಿದು ಬಂದವೂ ಅವೇ. ಆದುದರಿಂದ ರೂಪದಿಂದ ಭೇದ ತಿಳಿಯುತ್ತದೆಯೆಂದು ಗುರುತುಗಳನ್ನು ತೆಗೆದುಹಾಕುವುದು ಯುಕ್ತವಲ್ಲ. ಆಧುನಿಕ ಪುಟಕ್ಕೆ ಒಪ್ಪುವುದಿಲ್ಲವೆಂದು ಛಂದೋನಾಮದ ಸಂಕ್ಷೇಪಗಳನ್ನು ಕೈಬಿಡುವ ಪ್ರವೃತ್ತಿ ಈಚೆಗೆ ಅಲ್ಲಲ್ಲಿ ಕಾಣುತ್ತಿದೆ, ಅದನ್ನು ಪ್ರೋತ್ಸಾಹಿಸಬಾರದು.

ಮೇಲಿನ ಪರಿಶೀಲನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಗುರುತನ್ನು ಇಡುವ ಕೆಲಸವು ಓಲೆಯನ್ನು ಓದಿ ಪ್ರತಿಲಿಪಿ ಮಾಡುವವನದು. ಇದು ಮೂಲವೋ ಟೀಕೆಯೋ ಉದ್ಧರಣೆಯೋ ಎಂಬ ನಿರ್ಣಯವನ್ನು ಮಾಡಬಲ್ಲವನು ಅವನೊಬ್ಬನೇ. ಆ ನಿರ್ಣಯ ಮುಗಿಯದೆ ಪಾಠವು ಅಕ್ಷರಜೋಡಣೆಯ ಮೇಜಿಗೆ ಹೋದರೆ, ಹಾವೇರಿಯ ಅಂಗಡಿಯ ಯುವಕನು ತನಗೆ ಸಂಬಂಧಿಸದ ಪ್ರಶ್ನೆಗೆ ತನಗರಿವಿಲ್ಲದೆಯೇ ಉತ್ತರ ಕೊಟ್ಟಂತಾಗುತ್ತದೆ. ಆ ಉತ್ತರವೇ ಸಾವಿರ ಪ್ರತಿಗಳಲ್ಲಿ ಅಚ್ಚಾಗಿ ನಿಲ್ಲುತ್ತದೆ. ಪ್ರತಿಲಿಪಿಯ ಹಂತದಲ್ಲಿಯೇ ಒಂದು ಗುರುತುಪಟ್ಟಿಯನ್ನು ಸಿದ್ಧಪಡಿಸಿ, ಯಾವ ಗುರುತಿಗೆ ಯಾವ ಅರ್ಥವೆಂದು ಬರೆದಿಟ್ಟು, ಗ್ರಂಥದ ಪೀಠಿಕೆಯಲ್ಲಿ ಅದನ್ನು ಅಚ್ಚುಹಾಕುವ ಪದ್ಧತಿ ನಮ್ಮ ಸಂಪಾದನೆಗಳಲ್ಲಿ ನೆಲೆಗೊಳ್ಳಬೇಕು.

ಲೋಕಸೇನನು ತನ್ನ ಗುರುವಿನ ಗ್ರಂಥದ ಕೊನೆಗೆ ತನ್ನ ಪದ್ಯಗಳನ್ನು ಸೇರಿಸಿದಾಗ ಎರಡರ ನಡುವೆ ಇದ್ದ ಎಲ್ಲೆ ಅವನ ಕಾಲದವರಿಗೆ ತಿಳಿದಿದ್ದಿರಬೇಕು. ಆ ತಿಳಿವು ಪ್ರತಿಯಿಂದ ಪ್ರತಿಗೆ ಸಾಗಿಬರುವ ಹಾದಿಯಲ್ಲಿ ಕಳೆಯಿತು. ಅದನ್ನು ಮರಳಿ ಪಡೆಯಲು ಸಾವಿರ ವರ್ಷಗಳ ಮೇಲೆ ಕಾಯಬೇಕಾಯಿತು. ಮರಳಿ ಪಡೆದುದನ್ನು ಮುಂದಿನ ಪ್ರತಿಯಲ್ಲಿ ಮತ್ತೆ ಕಳೆಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.